ಗುರುವಾರ ರಾತ್ರಿಯ ಬ್ಯಾಂಡ್

ಒಬ್ಬರು ಸೇನೆಯ ಆಸ್ಪತ್ರೆಯಲ್ಲಿ ಸರ್ಜನ್. ಒಬ್ಬರು ಗಣಿತ ಓದಿ, ಅದರಲ್ಲೇ ಅನ್ನ ದುಡಿಯುತ್ತಿದ್ದವರು. ಒಬ್ಬರು ನ್ಯಾಷನಲ್ ಜಿಯೊಗ್ರಾಫಿಕ್ ಸಂಸ್ಥೆಯಲ್ಲಿ ನಕ್ಷೆ ತಯಾರಿಸುವವರು. ಇನ್ನೊಬ್ಬರು ದಿನಪತ್ರಿಕೆಯಲ್ಲಿ ಗ್ರಾಫಿಕ್ ಕಲಾವಿದರು. ಐದನೆಯವರು ವಾದ್ಯಗಳ ರಿಪೇರಿ ಮಾಡುತ್ತಿದ್ದರು. 1971ರ ಹೊತ್ತಿಗೆ ಇವರೆಲ್ಲ ವಾಷಿಂಗ್ಟನ್ ನಗರದ ಪಕ್ಕದಲ್ಲಿ, ಗಣಿತದವರ ಮನೆಯ ಬೇಸ್‌ಮೆಂಟಿನಲ್ಲಿ, ವಾರಕ್ಕೊಂದು ಸಂಜೆ ಸೇರಿ ಬ್ಲೂಗ್ರಾಸ್ ನುಡಿಸುತ್ತಿದ್ದರು. ಗೆಳೆಯರು ವಾರಕ್ಕೊಮ್ಮೆ ಇಸ್ಪೀಟಿಗೆ ಕೂರುತ್ತಾರಲ್ಲ, ಅದೇ ಥರ. ಹೀಗೆ ಹುಟ್ಟಿದ್ದು ಸೆಲ್ಡಮ್ ಸೀನ್ ಎಂಬ ಬ್ಯಾಂಡ್. ಆ ಹೆಸರಿನ ಬ್ಯಾಂಡ್ ಇವತ್ತಿಗೂ ವೇದಿಕೆ ಹತ್ತುತ್ತಿದೆ.

ಅಮೆರಿಕದ ಹಳ್ಳಿಸಂಗೀತದ ಚರಿತ್ರೆ ಓದುವಾಗ ನನಗೆ ಮತ್ತೆ ಮತ್ತೆ ಸಿಗುವುದು ಕಷ್ಟದ ಕಥೆಗಳು. ಕಾರಿನಲ್ಲಿ ನಿದ್ದೆ, ಸಿಗದ ಸಂಬಳ, ಕುಡಿತ, ಒಡೆದ ಮನೆಗಳು, ಬೇಗ ಬಂದ ಸಾವು. ಈ ಬ್ಯಾಂಡಿನ ಕಥೆ ಬೇರೆ ದಾರಿ ಹಿಡಿದಿದೆ. ಸಂಗೀತದಿಂದ ಹೊಟ್ಟೆ ತುಂಬಿಸಿಕೊಳ್ಳಬೇಕು ಅನ್ನುವ ಒತ್ತಡವನ್ನು ಮೊದಲ ದಿನವೇ ಪಕ್ಕಕ್ಕಿಟ್ಟರು. ಅದರಿಂದ ಅವರ ಸಂಗೀತಕ್ಕೆ ಏನು ಸಿಕ್ಕಿತು, ಅದಕ್ಕಾಗಿ ಏನು ತೆತ್ತರು ಅನ್ನುವುದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ವಿಷಯ. ಆಫೀಸಿಗೆ ಹೋಗುತ್ತಲೇ ಒಂದು ಕಲೆಯನ್ನು ಕೈಬಿಡದೆ ಹಿಡಿದುಕೊಂಡಿರುವ ಎಷ್ಟೋ ಜನ ನನ್ನ ಸುತ್ತ ಇದ್ದಾರೆ. ಅವರಿಗೂ ಇದು ಹತ್ತಿರದ ಕಥೆ ಅನ್ನಿಸಬಹುದು.

ಮೊದಲು ಬ್ಲೂಗ್ರಾಸ್ ಬಗ್ಗೆ ಸ್ವಲ್ಪ. ಕೆಂಟಕಿಯ ಬಿಲ್ ಮನ್ರೋ 1939ರಲ್ಲಿ ತನ್ನ ‘ಬ್ಲೂ ಗ್ರಾಸ್ ಬಾಯ್ಸ್’ ತಂಡದ ಜೊತೆ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ಎಂಬ ರೇಡಿಯೊ ಕಾರ್ಯಕ್ರಮ ಸೇರಿದರು. 1945ರ ಡಿಸೆಂಬರ್‌ನಲ್ಲಿ ಅರ್ಲ್ ಸ್ಕ್ರಗ್ಸ್ ಎಂಬ ಹುಡುಗ ಆ ತಂಡಕ್ಕೆ ಬಂದ. ಮೂರು ಬೆರಳಿನಲ್ಲಿ ಬ್ಯಾಂಜೊ ಮೀಟುವ ಅವನ ವೇಗ, ಮನ್ರೋ ಅವರ ಮ್ಯಾಂಡೊಲಿನ್, ಗಿಟಾರ್, ಪಿಟೀಲು, ನಿಲ್ಲಿಸಿ ನುಡಿಸುವ ದೊಡ್ಡ ಬಾಸ್. ಜೊತೆಗೆ ಎತ್ತರದ ಶ್ರುತಿಯಲ್ಲಿ ಮೂರು ಕಂಠಗಳು ಒಟ್ಟಿಗೆ ಹಾಡುವ ಹಾರ್ಮನಿ. ಇಷ್ಟು ಸೇರಿ ಈ ಸಂಗೀತದ ಮೈಕಟ್ಟು ಸಿದ್ಧವಾಯಿತು. ತಂಡದ ಹೆಸರೇ ಮುಂದೆ ಇಡೀ ಪ್ರಕಾರದ ಹೆಸರಾಯಿತು.

ಆ ಕಾಲದ ಬ್ಯಾಂಡುಗಳ ಬದುಕು ಅಂದರೆ ರಸ್ತೆ. ವಾರವೆಲ್ಲ ಸಣ್ಣ ಊರುಗಳಲ್ಲಿ ಪ್ರದರ್ಶನ, ಶನಿವಾರ ರಾತ್ರಿಯೊಳಗೆ ನ್ಯಾಶ್‌ವಿಲ್‌ಗೆ ವಾಪಸ್. ಮನ್ರೋ ಡೇರೆ ಹೊತ್ತುಕೊಂಡು ಊರೂರು ತಿರುಗುತ್ತಿದ್ದರು. ಜೊತೆಗೆ ಒಂದು ಬೇಸ್‌ಬಾಲ್ ತಂಡವನ್ನೂ ಒಯ್ದು, ಹೋದ ಊರಿನ ಹುಡುಗರ ಜೊತೆ ಪಂದ್ಯ ಆಡಿಸಿ ಜನ ಸೇರಿಸುತ್ತಿದ್ದರು. 1950ರ ದಶಕದ ನಡುವೆ ರಾಕ್ ಅಂಡ್ ರೋಲ್ ಬಂದ ಮೇಲೆ ಬಹಳ ತಂಡಗಳಿಗೆ ಕೆಲಸವೇ ಕಡಿಮೆಯಾಯಿತು. ಸ್ಟ್ಯಾನ್ಲಿ ಬ್ರದರ್ಸ್ ತಂಡದ ಗಾಯಕ ಕಾರ್ಟರ್ ಸ್ಟ್ಯಾನ್ಲಿ 1966ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 41 ವರ್ಷ. ಅಷ್ಟು ಆಳದ ದನಿ ಈ ಸಂಗೀತದಲ್ಲಿ ಹೆಚ್ಚು ಬಂದಿಲ್ಲ.

ವಾಷಿಂಗ್ಟನ್ ಈ ಕಥೆಗೆ ಹೇಗೆ ಬಂತು ಅಂತ ಯಾರಿಗಾದರೂ ಅನ್ನಿಸುತ್ತದೆ. ಅದು ಸರ್ಕಾರಿ ನಗರ. ಆದರೆ ಎರಡನೇ ಮಹಾಯುದ್ಧದ ಸಮಯದಿಂದ ವರ್ಜೀನಿಯಾ, ಪಶ್ಚಿಮ ವರ್ಜೀನಿಯಾ ಕಡೆಯ ಬೆಟ್ಟದ ಜನ ಕೆಲಸ ಹುಡುಕಿಕೊಂಡು ಅಲ್ಲಿಗೆ ಬಂದರು. ಬರುವಾಗ ತಮ್ಮ ಹಾಡುಗಳನ್ನೂ ತಂದರು. ಊರಿನ ಬಾರುಗಳಲ್ಲಿ ಬ್ಯಾಂಜೊ ಕೇಳತೊಡಗಿತು. ಅವರ ಮಕ್ಕಳು, ಅವರ ಪಕ್ಕದ ಮನೆಯ ಓದಿದ ಹುಡುಗರು ಅದನ್ನು ಕೇಳುತ್ತ ಬೆಳೆದರು. ಬ್ಲೂಗ್ರಾಸ್‌ಗೇ ಮೀಸಲಾದ ಮಾಸಪತ್ರಿಕೆ ‘ಬ್ಲೂಗ್ರಾಸ್ ಅನ್‌ಲಿಮಿಟೆಡ್’ 1966ರಲ್ಲಿ ಶುರುವಾದದ್ದೂ ಈ ಪ್ರದೇಶದಲ್ಲೇ. ಅಮೆರಿಕನ್ ವಿಶ್ವವಿದ್ಯಾಲಯದ ರೇಡಿಯೊ ಈ ಸಂಗೀತವನ್ನು ಬಿತ್ತರಿಸತೊಡಗಿತು. ಬೆಟ್ಟದಿಂದ ಇಳಿದ ಸಂಗೀತಕ್ಕೆ ನಗರದಲ್ಲಿ ಹೊಸ ಕಿವಿಗಳು ಸಿಕ್ಕವು.

ಆ ನಗರದ ಮೊದಲ ದೊಡ್ಡ ಬ್ಯಾಂಡ್ ‘ಕಂಟ್ರಿ ಜೆಂಟಲ್‌ಮೆನ್’. 1957ರ ಜುಲೈ 4ರಂದು ಹುಟ್ಟಿದ ತಂಡ ಅದು. ಅದರ ಮ್ಯಾಂಡೊಲಿನ್ ವಾದಕ ಜಾನ್ ಡಫಿ ನಮ್ಮ ಕಥೆಯ ಮುಖ್ಯ ಮನುಷ್ಯ.

ಡಫಿ ಅವರ ತಂದೆ ಆಪೆರಾ ಗಾಯಕರು. ಮಗನಿಗೂ ಅಂಥದೇ ಗಟ್ಟಿ ಕಂಠ ಬಂದಿತ್ತು. ಮೇಲಿನ ಸ್ಥಾಯಿಯಲ್ಲಿ ಅವರು ದನಿ ತೆಗೆದರೆ ಮೈಕ್ ಬೇಕಿರಲಿಲ್ಲ ಅನ್ನಿಸುತ್ತದೆ. ದೊಡ್ಡ ಮೈ, ಚಿಕ್ಕದಾಗಿ ಕತ್ತರಿಸಿದ ಕೂದಲು, ಕಣ್ಣಿಗೆ ಹೊಡೆಯುವ ಬಣ್ಣದ ಪ್ಯಾಂಟು, ವೇದಿಕೆಯ ಮೇಲೆ ಯಾರನ್ನೂ ಬಿಡದ ಮಾತು. ಹಳೆಯ ಹಾಡುಗಳನ್ನು ಹುಡುಕಿಕೊಂಡು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಹೋಗಿ ಕೂರುತ್ತಿದ್ದವರೂ ಇವರೇ. ವಿಮಾನ ಹತ್ತುವುದೆಂದರೆ ಆಗದು. ಹನ್ನೆರಡು ವರ್ಷ ಊರೂರು ತಿರುಗಿ, 1969ರಲ್ಲಿ ಸಾಕು ಅಂತ ತಂಡ ಬಿಟ್ಟರು. ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿ ವಾದ್ಯ ರಿಪೇರಿಗೆ ಕೂತರು.

ಆ ಹೊತ್ತಿಗೆ ಬೆನ್ ಎಲ್ಡ್ರಿಜ್ ಅವರ ಮನೆಯ ಬೇಸ್‌ಮೆಂಟಿನಲ್ಲಿ ಗೆಳೆಯರು ಸೇರುತ್ತಿದ್ದರು. ಬೆನ್ ಬ್ಯಾಂಜೊ ನುಡಿಸುವ ಗಣಿತದವರು. ಅವರ ಜೊತೆ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಜಾನ್ ಸ್ಟಾರ್ಲಿಂಗ್, ವಿಯೆಟ್ನಾಂನಲ್ಲಿ ಸೇನೆಯ ಸರ್ಜನ್ ಆಗಿದ್ದು, ವಾಪಸ್ ಬಂದು ವಾಷಿಂಗ್ಟನ್‌ನ ವಾಲ್ಟರ್ ರೀಡ್ ಆಸ್ಪತ್ರೆಯಲ್ಲಿದ್ದರು. ಗಿಟಾರ್ ಹಿಡಿದು ಮುಖ್ಯ ದನಿಯಲ್ಲಿ ಹಾಡುತ್ತಿದ್ದವರು ಅವರು. ಮೈಕ್ ಆಲ್ಡ್ರಿಜ್ ‘ವಾಷಿಂಗ್ಟನ್ ಸ್ಟಾರ್’ ಪತ್ರಿಕೆಯ ಕಲಾವಿದರು, ಡೋಬ್ರೊ ಎಂಬ ಬಗೆಯ ಗಿಟಾರಿನ ವಾದಕರು. ಟಾಮ್ ಗ್ರೇ ನಕ್ಷೆಯವರು. ಕಂಟ್ರಿ ಜೆಂಟಲ್‌ಮೆನ್‌ನಲ್ಲಿ ಡಫಿ ಅವರ ಜೊತೆ ಬಾಸ್ ನುಡಿಸಿದ ಹಳೆಯ ಗೆಳೆಯ. ಹೀಗೆ ಐವರು.

ಇವರು ಹೊಸ ಬ್ಯಾಂಡ್ ಕಟ್ಟುತ್ತಾರೆ, ಆದರೆ ಹೆಚ್ಚು ಕಡೆ ನುಡಿಸುವುದಿಲ್ಲವಂತೆ ಅನ್ನುವ ಸುದ್ದಿ ಕಂಟ್ರಿ ಜೆಂಟಲ್‌ಮೆನ್‌ನ ಚಾರ್ಲಿ ವಾಲರ್ ಅವರಿಗೆ ಮುಟ್ಟಿತು. ಹಾಗಾದರೆ ‘ಸೆಲ್ಡಮ್ ಸೀನ್’, ಅಂದರೆ ಅಪರೂಪಕ್ಕೆ ಕಾಣಿಸಿಕೊಳ್ಳೋರು, ಅಂತಲೇ ಹೆಸರಿಟ್ಟುಕೊಳ್ಳಿ ಎಂದು ಅವರು ತಮಾಷೆ ಮಾಡಿದರು. ಇವರು ಅದನ್ನೇ ಇಟ್ಟುಕೊಂಡರು.

ಒಪ್ಪಂದ ಸರಳ. ವಾರಕ್ಕೊಂದು ರಾತ್ರಿ ಊರಿನಲ್ಲೇ ನುಡಿಸುವುದು. ಬೇಸಿಗೆಯ ವಾರಾಂತ್ಯಗಳಲ್ಲಿ ಒಂದಿಷ್ಟು ಉತ್ಸವ. ಆಗಾಗ ಒಂದು ರೆಕಾರ್ಡ್. ಉಳಿದ ಹೊತ್ತು ಅವರವರ ಕೆಲಸ, ಅವರವರ ಮನೆ. ಇದು ಸಾಧ್ಯವಾಗಿದ್ದಕ್ಕೂ ಒಂದು ಕಾರಣವಿದೆ. ಕಾರ್ಲ್ಟನ್ ಹೇನಿ 1965ರ ಸೆಪ್ಟೆಂಬರ್‌ನಲ್ಲಿ ವರ್ಜೀನಿಯಾದ ಫಿನ್‌ಕ್ಯಾಸಲ್ ಎಂಬಲ್ಲಿ ಹಲವು ದಿನಗಳ ಮೊದಲ ಬ್ಲೂಗ್ರಾಸ್ ಉತ್ಸವ ನಡೆಸಿದ್ದರು. ಅದರ ನಂತರ ಕೆಲವೇ ವರ್ಷಗಳಲ್ಲಿ ಇಂಥ ಉತ್ಸವಗಳು ಎಲ್ಲ ಕಡೆ ಹುಟ್ಟಿಕೊಂಡವು. ಕೇಳುಗರೇ ವಾರಾಂತ್ಯಕ್ಕೆ ಡೇರೆ ಕಟ್ಟಿಕೊಂಡು ಒಂದು ಬಯಲಿಗೆ ಬರುತ್ತಿದ್ದರು. ಊರೂರು ಅಲೆಯದೆ ಸಾವಿರಾರು ಜನರ ಮುಂದೆ ನುಡಿಸುವ ದಾರಿ ತೆರೆಯಿತು. ಹತ್ತು ವರ್ಷ ಮೊದಲು ಹುಟ್ಟಿದ್ದರೆ ಈ ಬ್ಯಾಂಡ್ ಬೇಸ್‌ಮೆಂಟಿನಲ್ಲೇ ಉಳಿಯುತ್ತಿತ್ತು ಎಂಬುದು ನನ್ನ ಊಹೆ.

ವಾಷಿಂಗ್ಟನ್ ಪಕ್ಕದ ಬೆಥೆಸ್ಡಾದಲ್ಲಿದ್ದ ರೆಡ್ ಫಾಕ್ಸ್ ಇನ್ ಎಂಬ ಬಾರು ಅವರ ಅಡ್ಡೆಯಾಯಿತು. ಪ್ರತಿ ಗುರುವಾರ. ರಾತ್ರಿ ನುಡಿಸಿ, ಬೆಳಗ್ಗೆ ಎದ್ದು ಒಬ್ಬರು ಆಸ್ಪತ್ರೆಗೆ, ಒಬ್ಬರು ಪತ್ರಿಕೆಗೆ, ಒಬ್ಬರು ನಕ್ಷೆಗಳ ಮೇಜಿಗೆ. ಆಮೇಲೆ ಗುರುವಾರಗಳು ವರ್ಜೀನಿಯಾ ಕಡೆಯ ಬರ್ಚ್‌ಮಿಯರ್ ಎಂಬ ಕ್ಲಬ್ಬಿಗೆ ಬಂದವು. ಅದರ ಮಾಲೀಕ ಗ್ಯಾರಿ ಓಲ್ಜಿ ಅವರಿಗೆ ಒಂದು ಹಟವಿತ್ತು. ಹಾಡು ನಡೆಯುವಾಗ ಯಾರೂ ಮಾತಾಡಬಾರದು. ಊಟ, ಬಿಯರ್ ಎಲ್ಲ ಇರುವ ಜಾಗದಲ್ಲಿ ಇಂಥ ನಿಯಮ ತರುವುದು ಸುಲಭವಲ್ಲ, ಅಲ್ವಾ? ಸೆಲ್ಡಮ್ ಸೀನ್ ಅಲ್ಲಿ ಸುಮಾರು ಎರಡು ದಶಕ ಗುರುವಾರಗಳನ್ನು ತುಂಬಿತು. ಬರ್ಚ್‌ಮಿಯರ್ ದೇಶಕ್ಕೆಲ್ಲ ಹೆಸರಾದದ್ದರಲ್ಲಿ ಈ ಗುರುವಾರಗಳ ಪಾಲು ದೊಡ್ಡದು.

ಈಗ ಸಂಗೀತಕ್ಕೆ ಬರೋಣ.

ಈ ತಂಡದಲ್ಲಿ ಪಿಟೀಲು ಇರಲಿಲ್ಲ. ಮನ್ರೋ ಪರಂಪರೆಯಲ್ಲಿ ಅದು ಸಣ್ಣ ವಿಷಯವಲ್ಲ. ಪಿಟೀಲಿನ ಉದ್ದ ಎಳೆತ, ಅಳುವಿನಂಥ ದನಿ ಬ್ಲೂಗ್ರಾಸಿನ ಬೆನ್ನೆಲುಬು. ಆ ಜಾಗವನ್ನು ಇಲ್ಲಿ ತುಂಬಿದ್ದು ಆಲ್ಡ್ರಿಜ್ ಅವರ ಡೋಬ್ರೊ. ಗಿಟಾರನ್ನು ತೊಡೆಯ ಮೇಲೆ ಅಥವಾ ಎದೆಯ ಮಟ್ಟದಲ್ಲಿ ಅಂಗಾತ ಇಟ್ಟು, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ವಾದ್ಯ ಅದು. ಹಳೆಯ ಚಿತ್ರಗೀತೆಗಳ ಹವಾಯಿಯನ್ ಗಿಟಾರ್ ಕೇಳಿದವರಿಗೆ ಆ ಜಾರುದನಿ ಪರಿಚಯವಿರುತ್ತದೆ. ಡೋಬ್ರೊದ ಹೊಟ್ಟೆಯೊಳಗೆ ಲೋಹದ ಒಂದು ಶಂಕು ಇರುತ್ತದೆ. ಅದರಿಂದ ದನಿಗೆ ಹೊಳಪು ಬರುತ್ತದೆ. 1950ರ ದಶಕದಲ್ಲಿ ಜಾಶ್ ಗ್ರೇವ್ಸ್ ಇದನ್ನು ಫ್ಲ್ಯಾಟ್ ಮತ್ತು ಸ್ಕ್ರಗ್ಸ್ ತಂಡದ ಮೂಲಕ ಬ್ಲೂಗ್ರಾಸಿಗೆ ತಂದಿದ್ದರು. ಗ್ರೇವ್ಸ್ ಅವರದು ಚುರುಕಿನ, ಬ್ಲೂಸ್ ಬೆರೆತ ಕೈ. ಆಲ್ಡ್ರಿಜ್ ಅದನ್ನು ಕಲಿತು, ಆಮೇಲೆ ಅದರಲ್ಲಿನ ಒರಟನ್ನು ಒಂದೊಂದಾಗಿ ತೆಗೆದರು. ಪ್ರತಿ ಸ್ವರ ದುಂಡಗೆ, ಸ್ವಚ್ಛವಾಗಿ ಬರುತ್ತದೆ. ಎಲ್ಲೂ ಅವಸರವಿಲ್ಲ. ಇವತ್ತಿನ ಡೋಬ್ರೊ ದಿಗ್ಗಜ ಜೆರ್ರಿ ಡಗ್ಲಸ್ ಬೆಳೆದದ್ದು ಇವರನ್ನು ಕೇಳಿಯೇ. ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಕಂಟ್ರಿ ಸಂಗೀತದ ಮೊದಲ ತಾರೆ ಜಿಮ್ಮಿ ರಾಜರ್ಸ್ ಅವರ 1920ರ ದಶಕದ ರೆಕಾರ್ಡುಗಳಲ್ಲಿ ಸ್ಟೀಲ್ ಗಿಟಾರ್ ನುಡಿಸಿದ ಎಲ್ಸ್‌ವರ್ತ್ ಕೋಜೆನ್ಸ್ ಆಲ್ಡ್ರಿಜ್ ಅವರ ಸಂಬಂಧಿ.

ಟಾಮ್ ಗ್ರೇ ಅವರ ಬಾಸ್ ಕೂಡ ಹಾಗೆಯೇ ಬೇರೆ. ಸಾಮಾನ್ಯವಾಗಿ ಬ್ಲೂಗ್ರಾಸಿನಲ್ಲಿ ಬಾಸ್ ತಾಳ ಹಿಡಿದು ಸುಮ್ನೆ ಇರುತ್ತದೆ. ಗ್ರೇ ಜಾಝ್‌ನವರ ಹಾಗೆ ಒಂದು ಸ್ವರದಿಂದ ಇನ್ನೊಂದಕ್ಕೆ ನಡೆದುಕೊಂಡು ಹೋಗುತ್ತಾರೆ. ಎಲ್ಡ್ರಿಜ್ ಅವರ ಬ್ಯಾಂಜೊ ಸ್ಕ್ರಗ್ಸ್ ಅವರ ಹಾಗೆ ಗುಂಡು ಹಾರಿಸುವುದಿಲ್ಲ. ಎಲ್ಲಿ ಮಾತಾಡಬೇಕು, ಎಲ್ಲಿ ತಡೆಯಬೇಕು ಅಂತ ಯೋಚಿಸುತ್ತದೆ. ಆ ಯೋಚನೆಯೇ ಕೇಳಿಸುತ್ತದೆ. ಇವರೆಲ್ಲರ ನಡುವೆ ಡಫಿ ಮಾತ್ರ ಬೆಂಕಿ. ಮ್ಯಾಂಡೊಲಿನ್‌ನಲ್ಲಿ ಅಪಾಯದ ಜಾಗಕ್ಕೇ ಹಾರುತ್ತಾರೆ, ಕೆಲವು ಸಲ ಬೀಳುತ್ತಾರೆ, ಮತ್ತೆ ಎದ್ದು ಇನ್ನೂ ಎತ್ತರಕ್ಕೆ ಹೋಗುತ್ತಾರೆ.

ಆದರೆ ಜನ ಮರುಳಾದದ್ದು ಕಂಠಗಳಿಗೆ. ಸ್ಟಾರ್ಲಿಂಗ್ ಅವರ ಮೆತ್ತನೆಯ ಮುಖ್ಯ ದನಿ, ಅದರ ಮೇಲೆ ಡಫಿ, ಕೆಳಗೆ ಆಲ್ಡ್ರಿಜ್. ಹಳೆಯ ಬ್ಲೂಗ್ರಾಸ್ ಹಾರ್ಮನಿಯಲ್ಲಿ ಚೂಪು ಅಂಚು ಇರುತ್ತದೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಇಲ್ಲಿ ಚೂಪಿನ ಬದಲು ಒಂದು ಬೆಚ್ಚನೆಯ ಗುಣವಿದೆ. ಸ್ಟಾರ್ಲಿಂಗ್ ದುಃಖದ ಹಾಡನ್ನು ಹಾಡುವಾಗ ದುಃಖವನ್ನು ಒತ್ತಿ ಹೇಳುವುದಿಲ್ಲ. ಪಕ್ಕದಲ್ಲಿ ಕೂತು ಮೆಲ್ಲಗೆ ವಿಷಯ ತಿಳಿಸಿದ ಹಾಗಿರುತ್ತದೆ. ವೈದ್ಯರ ಗುಣವೋ ಏನೋ.

ಹಾಡುಗಳ ಆಯ್ಕೆಯಲ್ಲಿ ಆ ಒಪ್ಪಂದದ ಬೆಲೆ ಕಾಣುತ್ತದೆ. ಮೊದಲ ಆಲ್ಬಂ ‘ಆಕ್ಟ್ ಒನ್’ 1972ರಲ್ಲಿ ರೆಬೆಲ್ ರೆಕಾರ್ಡ್ಸ್‌ನಿಂದ ಬಂತು. ಅದರಲ್ಲಿ ಹಳೆಯ ಬ್ಲೂಗ್ರಾಸ್ ಜೊತೆ ಪಾಪ್ ಗಾಯಕ ಜೇಮ್ಸ್ ಟೇಲರ್ ಅವರ ಹಾಡೂ ಇದೆ. 1973ರಲ್ಲಿ ಇನ್ನೆರಡು ಆಲ್ಬಂ. ಚರ್ಚಿನ ಹಾಡು, ರೈಲಿನ ಹಾಡು, ರೇಡಿಯೊದಲ್ಲಿ ಕೇಳಿ ಇಷ್ಟಪಟ್ಟ ರಾಕ್ ಹಾಡು, ಗೆಳೆಯರು ಬರೆದ ಹಾಡು ಎಲ್ಲ ಒಂದೇ ಸಾಲಿನಲ್ಲಿ ಕೂತವು. ಸಂಪ್ರದಾಯದವರು ಏನಂದುಕೊಳ್ಳುತ್ತಾರೆ, ಕಂಪನಿ ಏನು ಕೇಳುತ್ತದೆ, ಮುಂದಿನ ತಿಂಗಳ ಬಾಡಿಗೆ ಹೇಗೆ ಅನ್ನುವ ಯಾವ ಲೆಕ್ಕವೂ ಅವರಿಗೆ ಬೇಕಿರಲಿಲ್ಲ. ಇಷ್ಟವಾದರೆ ಹಾಡಿದರು. ಬ್ಲೂಗ್ರಾಸ್ ಕೇಳದ ವಾಷಿಂಗ್ಟನ್‌ನ ವಕೀಲರು, ವಿದ್ಯಾರ್ಥಿಗಳು, ಸರ್ಕಾರಿ ನೌಕರರು ಈ ಬಾಗಿಲಿನಿಂದ ಒಳಗೆ ಬಂದರು. 1974ರ ‘ಓಲ್ಡ್ ಟ್ರೇನ್’ ಆಲ್ಬಂನಲ್ಲಿ ಗಾಯಕಿ ಲಿಂಡಾ ರಾನ್‌ಸ್ಟಾಟ್ ಜೊತೆಗೂಡಿ ಹಾಡಿದ್ದಾರೆ, ರಿಕಿ ಸ್ಕ್ಯಾಗ್ಸ್ ಪಿಟೀಲು ನುಡಿಸಿದ್ದಾರೆ. ಆಗ ಅದೇ ಪ್ರದೇಶದಲ್ಲಿದ್ದ ಗಾಯಕಿ ಎಮಿಲೂ ಹ್ಯಾರಿಸ್ ಕೂಡ ಇವರ ಗೆಳೆಯರ ಬಳಗಕ್ಕೆ ಸೇರಿದವರು. ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ ಜಾರ್ಜ್‌ಟೌನ್‌ನ ಸೆಲ್ಲರ್ ಡೋರ್ ಕ್ಲಬ್ಬಿನಲ್ಲಿ ಎರಡು ರಾತ್ರಿ ನುಡಿಸಿದ್ದನ್ನು ಮುಂದಿನ ವರ್ಷ ಎರಡು ತಟ್ಟೆಯ ಆಲ್ಬಂ ಆಗಿ ಹೊರತಂದರು. ಅಷ್ಟು ಜೀವ ಇರುವ ಲೈವ್ ರೆಕಾರ್ಡಿಂಗ್ ಬ್ಲೂಗ್ರಾಸಿನಲ್ಲಿ ಇನ್ನೊಂದಿಲ್ಲ ಅಂತಲೇ ನಾನು ನಂಬಿದ್ದೇನೆ.

ಹೀಗೆ ಹಾಯಾಗಿ ನಡೆಯುತ್ತಿದ್ದ ಬ್ಯಾಂಡಿಗೆ ಮೊದಲ ಪೆಟ್ಟು ಬಂದದ್ದೂ ಆಫೀಸಿನ ಕಡೆಯಿಂದಲೇ. 1977ರಲ್ಲಿ ಸ್ಟಾರ್ಲಿಂಗ್ ವೈದ್ಯ ವೃತ್ತಿಗಾಗಿ ಅಲಬಾಮಾಗೆ ಹೊರಟರು. ಕೆಲಸ ಮುಖ್ಯ, ಬ್ಯಾಂಡ್ ಆಮೇಲೆ ಅಂತ ಎಲ್ಲರೂ ಒಪ್ಪಿಕೊಂಡೇ ಶುರುಮಾಡಿದ್ದಲ್ಲವೇ? ತಡೆಯಲು ಯಾರಿಗೂ ಹಕ್ಕಿರಲಿಲ್ಲ. ಆದರೆ ಆ ದನಿ ಹೋಯಿತು. ಅವರ ಜಾಗಕ್ಕೆ ಫಿಲ್ ರೋಸೆಂಥಾಲ್ ಬಂದರು. ಅವರು ಬರೆದ ಹಾಡನ್ನು ಬ್ಯಾಂಡ್ ಅದಕ್ಕೂ ಮೊದಲೇ ಹಾಡಿತ್ತು. ಅವರ ಕಾಲದ ಆಲ್ಬಂಗಳನ್ನು ಜನ ಸ್ವಲ್ಪ ಕಡೆಗಣಿಸುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಅವರ ಸ್ವಂತ ಹಾಡುಗಳಲ್ಲಿ ಸರಳತೆ ಇದೆ, ಊರಿನ ನೆನಪಿದೆ.

1981ರಲ್ಲಿ ವಾಷಿಂಗ್ಟನ್ ಸ್ಟಾರ್ ಪತ್ರಿಕೆ ಮುಚ್ಚಿತು. ಬ್ಯಾಂಡಿನ ಕಥೆ ಹೇಳುವವರು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಮುಂದೆ ಆದದ್ದಕ್ಕೆಲ್ಲ ಬೀಜ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಕೆಲಸ ಹೋದ ಆಲ್ಡ್ರಿಜ್ ಪೂರ್ತಿ ಸಂಗೀತಕ್ಕೇ ಇಳಿದರು. ಈಗ ಅವರಿಗೆ ಸಂಗೀತವೇ ಸಂಬಳ. ವಾರಕ್ಕೊಂದು ಗುರುವಾರ, ಬೇಸಿಗೆಯಲ್ಲಿ ಒಂದಿಷ್ಟು ಉತ್ಸವ ಅನ್ನುವ ಲೆಕ್ಕ ನೌಕರಿ ಇದ್ದವರಿಗೆ ಸರಿ. ಅದೇ ಹೊಟ್ಟೆಪಾಡಾದವರಿಗೆ ಸಾಲುವುದಿಲ್ಲ. ಡಫಿ ಅವರಿಗೆ ಜಾಸ್ತಿ ತಿರುಗಾಟ ಬೇಡ. ಒಂದೇ ಬ್ಯಾಂಡಿನಲ್ಲಿ ಎರಡು ಬದುಕು ಕೂತಿದ್ದವು. ಇಬ್ಬರದೂ ತಪ್ಪಲ್ಲ.

ಆದರೂ ಇನ್ನೂ ಹದಿನಾಲ್ಕು ವರ್ಷ ಒಟ್ಟಿಗಿದ್ದರು. 1986ರಲ್ಲಿ ಹದಿನೈದರ ಸಂಭ್ರಮ ಕೆನಡಿ ಸೆಂಟರ್‌ನಲ್ಲಿ ನಡೆಯಿತು. ಬಾರಿನಲ್ಲಿ ಶುರುವಾದ ಸಂಗೀತಕ್ಕೆ ರಾಜಧಾನಿಯ ದೊಡ್ಡ ಸಭಾಂಗಣ ಸಿಕ್ಕಿತು. ಅದೇ ವರ್ಷ ರೋಸೆಂಥಾಲ್ ಹೋಗಿ ಲೂ ರೀಡ್ ಬಂದರು. 1987ರಲ್ಲಿ ಟಾಮ್ ಗ್ರೇ ಹೊರಗೆ ಹೋದರು. ಗಿಟಾರ್ ವಾದಕ ಡಾಕ್ ವಾಟ್ಸನ್ ಜೊತೆ ವರ್ಷಗಟ್ಟಲೆ ನುಡಿಸಿದ್ದ ಟಿ. ಮೈಕಲ್ ಕೋಲ್ಮನ್ ಎಲೆಕ್ಟ್ರಿಕ್ ಬಾಸ್ ಹಿಡಿದು ಬಂದರು. ದೊಡ್ಡ ಮರದ ಬಾಸಿನ ಉಸಿರು ಇಲ್ಲದ ಆ ವರ್ಷಗಳ ರೆಕಾರ್ಡುಗಳಿಗೆ ನನ್ನ ಮನಸ್ಸು ಪೂರ್ತಿ ಒಗ್ಗಿಲ್ಲ. 1990ರ ದಶಕದ ಮೊದಲಲ್ಲಿ ರೀಡ್ ಹೋದ ಮೇಲೆ ಸ್ಟಾರ್ಲಿಂಗ್ ಸ್ವಲ್ಪ ಕಾಲ ವಾಪಸ್ ಬಂದು, ಮತ್ತೆ ಹೋದರು. ಅವರ ನಂತರ ಮೂಂಡಿ ಕ್ಲೈನ್ ಬಂದರು.

1995ರಲ್ಲಿ ತಡೆದಿದ್ದದ್ದು ಒಡೆಯಿತು. ಆಲ್ಡ್ರಿಜ್, ಕೋಲ್ಮನ್, ಕ್ಲೈನ್ ಮೂವರೂ ಹೊರಟರು. ಅವರದು ಆಗಲೇ ‘ಚೆಸಪೀಕ್’ ಎಂಬ ಬೇರೆ ತಂಡ ಇತ್ತು. ಅದನ್ನೇ ಪೂರ್ಣಕಾಲ ನಡೆಸಬೇಕೆಂದರು. ಉಳಿದವರು ಡಫಿ ಮತ್ತು ಎಲ್ಡ್ರಿಜ್ ಇಬ್ಬರೇ. ಡಫಿ ಅವರಿಗೆ ಅರವತ್ತು ದಾಟಿತ್ತು. ಅಲ್ಲಿಗೆ ನಿಲ್ಲಿಸಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಅವರು ನಿಲ್ಲಿಸಲಿಲ್ಲ. ಜಾನ್ಸನ್ ಮೌಂಟನ್ ಬಾಯ್ಸ್ ತಂಡದ ಡಡ್ಲಿ ಕಾನೆಲ್, ಡೋಬ್ರೊಗೆ ಫ್ರೆಡ್ ಟ್ರ್ಯಾವರ್ಸ್, ಬಾಸಿಗೆ ರಾನಿ ಸಿಂಪ್‌ಕಿನ್ಸ್ ಬಂದರು. ಕಾನೆಲ್ ಅವರದು ಹಳೆಯ ಬೆಟ್ಟದ ದನಿ, ಸ್ಟ್ಯಾನ್ಲಿ ಬ್ರದರ್ಸ್ ಕಡೆಯದು. ಅಷ್ಟು ವರ್ಷ ನಗರದ ಕಡೆ ನಡೆದುಬಂದ ಬ್ಯಾಂಡಿಗೆ ಬೆಟ್ಟದ ಗಾಳಿ ಮತ್ತೆ ತಾಗಿತು. 1996ರ ‘ಡ್ರೀಮ್ ಸೀನ್’ ಆಲ್ಬಂ ಕೇಳಿದರೆ ಡಫಿ ಎಷ್ಟು ಖುಷಿಯಲ್ಲಿದ್ದರು ಅನ್ನುವುದು ಗೊತ್ತಾಗುತ್ತದೆ.

ಆ ವರ್ಷ ಡಿಸೆಂಬರ್ 10ರಂದು ಹೃದಯಾಘಾತದಿಂದ ಅವರು ತೀರಿಕೊಂಡರು. 62 ವರ್ಷ.

ಲೂ ರೀಡ್ ಮತ್ತೆ ಬಂದು ಮ್ಯಾಂಡೊಲಿನ್ ಹಿಡಿದರು. ಮೊದಲಿನವರಲ್ಲಿ ಬೆನ್ ಎಲ್ಡ್ರಿಜ್ ಒಬ್ಬರೇ ಉಳಿದು, 2016ರಲ್ಲಿ ನಿವೃತ್ತರಾಗುವ ತನಕ ಬ್ಯಾಂಜೊ ನುಡಿಸಿದರು. ಯಾರ ಮನೆಯ ಬೇಸ್‌ಮೆಂಟಿನಲ್ಲಿ ಶುರುವಾಯಿತೋ ಅವರೇ ಎಲ್ಲರಿಗಿಂತ ಹೆಚ್ಚು ದಿನ ಅದನ್ನು ಕಾಪಾಡಿದರು. ಅವರ ಮಗ ಕ್ರಿಸ್ ಎಲ್ಡ್ರಿಜ್ ಆ ಸಂಗೀತದ ನಡುವೆಯೇ ಬೆಳೆದು ಗಿಟಾರ್ ಹಿಡಿದರು. ಈಗ ಪಂಚ್ ಬ್ರದರ್ಸ್ ತಂಡದಲ್ಲಿದ್ದಾರೆ. ಆ ತಂಡಕ್ಕೆ 2019ರಲ್ಲಿ ಗ್ರ್ಯಾಮಿ ಬಂತು.

2014ರಲ್ಲಿ ಮೊದಲ ಐವರನ್ನು ಬ್ಲೂಗ್ರಾಸ್ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಅಷ್ಟರಲ್ಲಿ ಡಫಿ ಇರಲಿಲ್ಲ. ಆಲ್ಡ್ರಿಜ್ ಕೂಡ 2012ರ ಡಿಸೆಂಬರ್‌ನಲ್ಲಿ ಹೋಗಿದ್ದರು. ಅದೇ ವರ್ಷ ಅವರಿಗೆ ಅಮೆರಿಕ ಸರ್ಕಾರದ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಸಿಕ್ಕಿತ್ತು. ಸ್ಟಾರ್ಲಿಂಗ್ 2019ರಲ್ಲಿ, ಎಲ್ಡ್ರಿಜ್ 2024ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಈಗಿನ ತಂಡದಲ್ಲಿ ಮೊದಲಿನವರು ಒಬ್ಬರೂ ಇಲ್ಲ. ಇದು ಅದೇ ಬ್ಯಾಂಡಾ ಅಂತ ಕೆಲವರು ಕೇಳುತ್ತಾರೆ. ನನ್ನ ಪ್ರಕಾರ ಹೌದು. ರೀಡ್ ಡಫಿ ಅವರ ಪಕ್ಕದಲ್ಲಿ ನಿಂತು ಹಾಡಿದವರು. ಟ್ರ್ಯಾವರ್ಸ್, ಸಿಂಪ್‌ಕಿನ್ಸ್ ಇಬ್ಬರನ್ನೂ ಡಫಿ ಇದ್ದಾಗಲೇ ಸೇರಿಸಿಕೊಂಡದ್ದು. ಹಾರ್ಮನಿಯಲ್ಲಿ ಆ ಬೆಚ್ಚಗಿನ ಗುಣ ಇನ್ನೂ ಇದೆ. ಹಾಡಿನ ಆಯ್ಕೆಯಲ್ಲಿ ಆ ಧೈರ್ಯವೂ ಇದೆ.

ಹೊಸದಾಗಿ ಕೇಳುವವರು ಸೆಲ್ಲರ್ ಡೋರ್ ಲೈವ್ ಆಲ್ಬಂನಿಂದ ಶುರುಮಾಡಿ. ಮೊದಲ ಸಲ ಡಫಿ ಅವರ ದನಿ, ಮಾತು, ಮ್ಯಾಂಡೊಲಿನ್ ಇಷ್ಟನ್ನೇ ಹಿಂಬಾಲಿಸಿ. ಆಮೇಲೆ ‘ಓಲ್ಡ್ ಟ್ರೇನ್’ ಹಾಕಿ ಡೋಬ್ರೊ ಕೇಳಿ. ಅದಾದ ಮೇಲೆ 2014ರಲ್ಲಿ ಸ್ಮಿತ್ಸೋನಿಯನ್ ಫೋಕ್‌ವೇಸ್ ತಂದ ‘ಲಾಂಗ್ ಟೈಮ್... ಸೆಲ್ಡಮ್ ಸೀನ್’ ಆಲ್ಬಂಗೆ ಬನ್ನಿ. ಹಳೆಯ ಹಾಡುಗಳನ್ನು ಅಲ್ಲಿ ಮತ್ತೆ ಹಾಡಿದ್ದಾರೆ. ಅತಿಥಿಗಳಾಗಿ ಸ್ಟಾರ್ಲಿಂಗ್, ಗ್ರೇ, ಎಮಿಲೂ ಹ್ಯಾರಿಸ್, ಕ್ರಿಸ್ ಎಲ್ಡ್ರಿಜ್ ಇದ್ದಾರೆ. ನಲವತ್ತು ವರ್ಷದ ಅಂತರದಲ್ಲಿ ಸ್ಟಾರ್ಲಿಂಗ್ ಅವರ ದನಿ ಎಷ್ಟು ಬದಲಾಗಿದೆ, ಎಷ್ಟು ಹಾಗೇ ಉಳಿದಿದೆ ಅಂತ ನೀವೇ ಕೇಳಿ ನೋಡಿ.